ಕುದುರೆಗೆ ಸೋಯಾ ಹಿಂಡಿ
ಮುಂಬೈಯಲ್ಲಿ ಪಶು ಆಹಾರದ ಲ್ಯಾಬಿನಲ್ಲಿ ನನ್ನ ಕೆಲಸ. ಮಾಥೇರಾನಿಗೆ ಹೋದಾಗ ಪರಿಚಯದ ಕುದುರೆಯವರು ಕೇಳಿದರು: “ಇರೋದೊಂದೇ ಕುದುರೆ ಸಾಹೇಬ್, ಬಡವಾಗಿದೆ. ಸೋಯಾ ಹಿಂಡಿ ಹಾಕಬಹುದಾ?” ಮೋಟಾರು ವಾಹನ ನಿಷೇಧವಿರುವ ಆ ಊರಲ್ಲಿ ಕುದುರೆಯೆಂದರೆ ಮನೆಮಂದಿಯ ಅನ್ನ.

ಹಾಕಬಹುದು. ಒಣಹುಲ್ಲಿನಲ್ಲಿ ಕಡಿಮೆಯಿರುವ ಲೈಸಿನ್ ಸೋಯಾದಲ್ಲಿ ಹೇರಳ, ಹಿಂಡಿಯಲ್ಲಿ ಶೇ. 44ರಿಂದ 48 ಪ್ರೋಟೀನ್. ಆದರೆ ಹಸಿ ಸೋಯಾ ಬೇಡ. ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಅದರಲ್ಲಿದೆ, ಬಿಸಿ ತಾಗಿದರೆ ಅದು ಅಳಿಯುತ್ತದೆ. ನಮ್ಮೂರಲ್ಲಿ ಎತ್ತಿಗೂ ಹುರುಳಿ ಬೇಯಿಸಿಯೇ ಹಾಕುತ್ತಿದ್ದರಲ್ಲ! ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಮಾತ್ರ ಅಗ್ಗವೆಂದು ತರಬಾರದು. ಅದು ಲಿವರಿಗೆ ವಿಷ.

ಹೊಸ ಆಹಾರವನ್ನು ಹತ್ತು ದಿನದಲ್ಲಿ ಸ್ವಲ್ಪಸ್ವಲ್ಪವೇ ರೂಢಿಸಬೇಕು. ಕುದುರೆಗೆ ವಾಂತಿ ಮಾಡಲಾಗದು. ಹೊಟ್ಟೆನೋವು ಪ್ರಾಣಕ್ಕೇ ಬರಬಹುದು. ಹುಲ್ಲು ಮೊದಲು, ಹಿಂಡಿ ಆಮೇಲೆ.