ಗಂಟುಗಟ್ಟಿದ ಕಾಂಪ್ಲಾನ್

ಐರ್ಲೆಂಡಿನ ನಾಟಕದಲ್ಲಿ ಕಾಂಪ್ಲಾನ್ ಬರುತ್ತದೆ ಅಂದ್ರೆ ನಂಬ್ತೀರಾ? ಮಾರ್ಟಿನ್ ಮೆಕ್‌ಡೊನಾ ಬರೆದ ‘ದಿ ಬ್ಯೂಟಿ ಕ್ವೀನ್ ಆಫ್ ಲೀನೇನ್’ನಲ್ಲಿ ಎಪ್ಪತ್ತರ ತಾಯಿ ಮ್ಯಾಗ್, ಕಾಂಪ್ಲಾನ್ ಗಂಟುಗಂಟಾಗಿದೆ ಅಂತ ಕುರ್ಚಿಯಲ್ಲಿ ಕೂತು ಗೊಣಗುತ್ತಾಳೆ. ಕಲಸಿಕೊಡುವವಳು ನಲವತ್ತರ ಮಗಳು ಮೌರೀನ್. ಉಳಿದಿಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದಾರೆ. ಮನೆಯಲ್ಲಿ ಉಳಿದವಳು ಇವಳು. 1996ರಲ್ಲಿ ಗಾಲ್ವೇಯ ಡ್ರೂಯಿಡ್ ತಂಡ ಇದನ್ನು ಮೊದಲು ಆಡಿತು.

ಮಣಿಪಾಲದ ರೂಮಲ್ಲಿ ಕೂತು ಓದುವಾಗ ನನಗೆ ಕಂಡದ್ದು ಕಾರ್ಕಳ. ಗುಡ್ಡದ ಮೇಲೊಂದು ಮನೆ, ಬಿಡದ ಮಳೆ, ಊರು ಬಿಟ್ಟ ಗಂಡಸರು. ಅಲ್ಲಿಯವರು ಲಂಡನ್, ಬೋಸ್ಟನ್ ಅಂತ ಹೊರಟರೆ ನಮ್ಮವರು ಮುಂಬಯಿ, ದುಬೈ.

ನನ್ನ ದೊಡ್ಡಮ್ಮನನ್ನು ನೋಡಿಕೊಳ್ಳುವುದು ಅವರ ಮಗಳು, ನಮಗೆಲ್ಲ ಅಕ್ಕ. ಅಣ್ಣಂದಿರಿಬ್ಬರೂ ಮುಂಬಯಿಯಲ್ಲಿ. ಮದುವೆಯಲ್ಲೋ ಕೋಲದಲ್ಲೋ ಸಿಕ್ಕವರೆಲ್ಲ ಅಕ್ಕನಿಗೆ ಹೇಳುವುದು ಒಂದೇ: “ನಿಂದು ಪುಣ್ಯದ ಕೆಲಸ ಮಾರಾಯ್ತಿ.” ಹೊಗಳಲಿಕ್ಕೆ ಖರ್ಚಿಲ್ಲ ನೋಡಿ. ಹೊಗಳಿದವರು ಊಟ ಮುಗಿಸಿ ಕಾರು ಹತ್ತುತ್ತಾರೆ. ಅಕ್ಕ ಮಾತ್ರೆಯ ಹೊತ್ತಿಗೆ ಮನೆ ಸೇರಬೇಕು.

ನಾಟಕದಲ್ಲಿ ಪೇಟೋ ಎಂಬವನು ಮೌರೀನಳನ್ನು ಬೋಸ್ಟನ್ನಿಗೆ ಕರೆದು ಕಾಗದ ಬರೆಯುತ್ತಾನೆ. ಅದು ತಾಯಿಯ ಕೈಗೆ ಸಿಗುತ್ತದೆ. ಓದಿ ಒಲೆಗೆ ಹಾಕುತ್ತಾಳೆ. ಹಾಗಂತ ಮಗಳು ದೇವತೆಯೇನಲ್ಲ, ತಾಯಿಯ ಕೈ ಸುಟ್ಟವಳು ಅವಳೇ. ಇಬ್ಬರಲ್ಲಿ ಯಾರ ಪರವೂ ವಹಿಸಲಿಕ್ಕೆ ಆಗುವುದಿಲ್ಲ. ಒಂಟಿತನದ ಹೆದರಿಕೆ ತಾಯಿಗೂ ಉಂಟು, ಮಗಳಿಗೂ ಉಂಟು. ಸೇವೆ ಅನ್ನುವ ಒಂದೇ ಶಬ್ದದಲ್ಲಿ ನಾವು ಮುಚ್ಚಿಡುವ ಸಿಟ್ಟನ್ನು ಮೆಕ್‌ಡೊನಾ ಅಡುಗೆಮನೆಯಲ್ಲೇ ಬಿಚ್ಚಿಡುತ್ತಾನೆ. ನಗಿಸುತ್ತಾನೆ ಕೂಡ, ಅದೇ ಕಷ್ಟ.

ಉಡುಪಿಯ ‘ರಂಗಭೂಮಿ’ 1965ರಲ್ಲಿ ಶುರುವಾದ ಸಂಸ್ಥೆ. ಅದರ ನಾಟಕ ಸ್ಪರ್ಧೆಗೆ ರಾಜ್ಯದ ಬೇರೆ ಬೇರೆ ಕಡೆಯ ತಂಡಗಳು ಬರುತ್ತವೆ. ಯಾರಾದರೂ ಈ ನಾಟಕವನ್ನು ನಮ್ಮ ಕನ್ನಡಕ್ಕೆ ತಂದು ಅಲ್ಲಿ ಆಡಿದರೆ ಕಾಪುವಿನಿಂದ, ಕಾರ್ಕಳದಿಂದ ಬಂದವರಿಗೆ ಲೀನೇನ್ ಎಲ್ಲಿ ಅಂತ ಹೇಳಿಕೊಡುವುದು ಬೇಡ.

ಅಕ್ಕನಿಗೆ ಫೋನಲ್ಲಿ ಕತೆ ಹೇಳಿದೆ. ಕಾಗದ ಸುಡುವಲ್ಲಿಗೆ ಬಂದಾಗ ಆಚೆಯಿಂದ ಸದ್ದಿಲ್ಲ. ಆಮೇಲೆ ಹೇಳಿದಳು: “ಬೋಸ್ಟನ್ ಎಲ್ಲ ಬೇಡ ಮಾರಾಯ. ಎರಡು ದಿನ ಮಂಗಳೂರಿಗೆ ಹೋಗ್ಲಿಕ್ಕೆ ಆದ್ರೆ ಸಾಕಿತ್ತು.”

ಬರುವ ಶನಿವಾರ ನಾನು ಕಾರ್ಕಳಕ್ಕೆ ಹೋಗ್ತಿದ್ದೇನೆ. ದೊಡ್ಡಮ್ಮನ ಮಾತ್ರೆಗಳ ಪಟ್ಟಿ ವಾಟ್ಸಾಪಿನಲ್ಲಿ ಬಂದಿದೆ.