ಏಳಲೊಲ್ಲದ ಬಿಬಿಸಿ ಮೈಕ್ರೋ

1984ರಲ್ಲಿ ಕೇಂದ್ರ ಸರ್ಕಾರವು ‘ಕ್ಲಾಸ್’ ಎಂಬ ಯೋಜನೆಯ ಮೂಲಕ ಆಯ್ದ ಶಾಲೆಗಳಿಗೆ ಕಂಪ್ಯೂಟರನ್ನು ಪರಿಚಯಿಸಿತು. ಅದಕ್ಕಾಗಿ ಆರಿಸಿದ ಯಂತ್ರವೇ ಬಿಬಿಸಿ ಮೈಕ್ರೋ. ಇಂಗ್ಲೆಂಡಿನ ಏಕಾರ್ನ್ ಸಂಸ್ಥೆ 1981ರಲ್ಲಿ ಹೊರತಂದ ಈ ಯಂತ್ರ ಅಲ್ಲಿನ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಬಳಕೆಯಲ್ಲಿತ್ತು. ಸ್ಮರಣಶಕ್ತಿ ಕೇವಲ 32 ಕಿಲೋಬೈಟ್. ಬರೆದ ಪ್ರೋಗ್ರಾಮನ್ನು ನಾವು ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಉಳಿಸಿಡುತ್ತಿದ್ದೆವು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ನೆನಪಿರಬಹುದು. ಆ ಯಂತ್ರಕ್ಕೆ ಕನ್ನಡ ಬಾರದು. ಆದರೆ ‘ವಿಡಿಯು 23’ ಎಂಬ ಆದೇಶದಿಂದ ನಮಗೆ ಬೇಕಾದ ಅಕ್ಷರವನ್ನು ರೂಪಿಸಬಹುದಿತ್ತು. ಚೌಕಳಿ ಹಾಳೆಯಲ್ಲಿ ಎಂಟಕ್ಕೆ ಎಂಟು ಮನೆ ಗುರುತಿಸಿ, ಪ್ರತಿ ಸಾಲಿನಲ್ಲಿ ತುಂಬಿದ ಮನೆಗಳಿಗೆ 128, 64, 32 ಎಂದು ಒಂದರವರೆಗೆ ಬೆಲೆ ಕೊಟ್ಟು ಕೂಡಿಸಿದರೆ ಎಂಟು ಸಂಖ್ಯೆಗಳು ದೊರೆಯುತ್ತಿದ್ದವು. 1988ರಲ್ಲಿ ಒಂಬತ್ತನೆಯ ತರಗತಿಯ ಮಕ್ಕಳು ಹೀಗೆಯೇ ಕನ್ನಡದ ಹತ್ತೂ ಅಂಕಿಗಳನ್ನು ಮಾಡಿ, ಮಗ್ಗಿ ಕೇಳುವ ಪ್ರೋಗ್ರಾಮೊಂದನ್ನು ಬರೆದಿದ್ದರು. ಅದರ ಏಕೈಕ ಪ್ರತಿ ನನ್ನ ಬಳಿಯ ಕ್ಯಾಸೆಟ್ಟಿನಲ್ಲಿದೆ. ಮುಂದೆ ಶಾಲೆಯವರು ಹಳೆಯ ಸಾಮಾನುಗಳನ್ನು ಹರಾಜು ಹಾಕಿದಾಗ ಯಂತ್ರವನ್ನೂ ನಾನೇ ಕೊಂಡುತಂದೆ.

ಈ ವರ್ಷ ಅದನ್ನು ಅಟ್ಟದಿಂದ ಇಳಿಸಿದಾಗ ನನ್ನ ತಮ್ಮನ ಮಗ ಊರಿಗೆ ಬಂದಿದ್ದ. “ದೊಡ್ಡಪ್ಪ, ಮೊದಲು ಕ್ಯಾಸೆಟ್ಟಿನ ಧ್ವನಿಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳೋಣ. ಟೇಪ್ ಹರಿದರೆ ಮತ್ತೆ ಸಿಗುವುದಿಲ್ಲ” ಎಂದ. ವಿವೇಕದ ಮಾತು. ಹಾಗೆಯೇ ಮಾಡಿದೆವು.

ಬಹುಕಾಲ ಸುಮ್ಮನಿದ್ದ ಯಂತ್ರಕ್ಕೆ ಒಮ್ಮೆಲೇ ವಿದ್ಯುತ್ ಕೊಡಬಾರದು. ಅದರ ಪವರ್ ಸಪ್ಲೈ ಪೆಟ್ಟಿಗೆಯೊಳಗೆ ಮೇನ್ಸ್ ವಿದ್ಯುತ್ತನ್ನು ಸೋಸುವ ಕೆಪಾಸಿಟರುಗಳಿವೆ. ವಯಸ್ಸಾದಂತೆ ಅವುಗಳ ಹೊರಕವಚ ಬಿರಿದು, ತೇವ ಒಳಸೇರಿ, ಸ್ವಿಚ್ ಹಾಕಿದಾಗ ದಟ್ಟ ಹೊಗೆ ಬರುವುದುಂಟು. ಪ್ಲಗ್ ಕಿತ್ತ ಮೇಲೆಯೂ ಒಳಗೆ ವಿದ್ಯುತ್ ಉಳಿದಿರಬಹುದಾದ್ದರಿಂದ ಅದನ್ನು ಬಿಚ್ಚುವ ಕೆಲಸವನ್ನು ಪರಿಚಿತ ಟಿ.ವಿ. ರಿಪೇರಿಯವರಿಗೆ ಒಪ್ಪಿಸಿದೆ. ಕೆಪಾಸಿಟರುಗಳು ಬಿರಿದೇ ಇದ್ದವು. ಹೊಸತನ್ನು ಹಾಕಿ ಮೀಟರಿನಲ್ಲಿ ಅಳೆದರು. ಐದು ವೋಲ್ಟ್ ಸರಿಯಾಗಿ ಬರುತ್ತಿತ್ತು.

ಸ್ವಿಚ್ ಹಾಕಿದೆವು. ಪರದೆ ಖಾಲಿ. “ಕೂ” ಎಂಬ ಒಂದೇ ಸ್ವರ ನಿಲ್ಲದೆ ಕೇಳತೊಡಗಿತು. ಹುಡುಗ “ಜೀವ ಬಂತು!” ಎಂದು ಹಿಗ್ಗಿದ. ನನಗೆ ಹಿಗ್ಗಲಾಗಲಿಲ್ಲ. ಆರೋಗ್ಯವಾಗಿರುವ ಬಿಬಿಸಿ ಮೈಕ್ರೋ ಮೊದಲು ಒಂದು ತಗ್ಗಿದ ಸ್ವರ, ಕೂಡಲೇ ಒಂದು ಏರಿದ ಸ್ವರ ನುಡಿದು ಸುಮ್ಮನಾಗುತ್ತದೆ. ವಿದ್ಯುತ್ ಬಂದೊಡನೆ ಧ್ವನಿಯ ಚಿಪ್ ತಾನಾಗಿಯೇ ಕೂಗುತ್ತದೆ. ಪ್ರೊಸೆಸರ್ ಎಚ್ಚೆತ್ತು ಅದನ್ನು ಸುಮ್ಮನಾಗಿಸಬೇಕು. ಕೂಗು ನಿಲ್ಲಲಿಲ್ಲವೆಂದರೆ ಪ್ರೊಸೆಸರ್ ಕೆಲಸ ಆರಂಭಿಸಿಲ್ಲವೆಂದೇ ಅರ್ಥ.

ಪ್ರೊಸೆಸರ್ ಎಚ್ಚೆತ್ತೊಡನೆ, ಎಲ್ಲಿಂದ ಆರಂಭಿಸಬೇಕೆಂಬ ವಿಳಾಸವನ್ನು ರಾಮ್ ಚಿಪ್ಪಿನಿಂದಲ್ಲ, ರೋಮ್ ಚಿಪ್ಪಿನಿಂದ ಓದುತ್ತದೆ. ಆ ಚಿಪ್ ಸಾಕೆಟ್ಟಿನಲ್ಲಿ ಕುಳಿತಿರುತ್ತದೆ. ವರ್ಷಗಟ್ಟಲೆ ಕಾದು ತಣಿದು ಅದು ಮೆಲ್ಲಗೆ ಮೇಲೇಳುತ್ತದೆ, ಕಾಲುಗಳಿಗೆ ಕಿಲುಬು ಹಿಡಿಯುತ್ತದೆ. ಪ್ಲಗ್ ಕಿತ್ತು, ಒಂದೊಂದೇ ಚಿಪ್ಪನ್ನು ನಾಜೂಕಾಗಿ ಎತ್ತಿ, ಕಾಲುಗಳನ್ನು ಶುಚಿಗೊಳಿಸಿ ಮತ್ತೆ ಕೂರಿಸಿದೆವು. ಪ್ರತಿಯೊಂದರ ನಂತರವೂ ಸ್ವಿಚ್ ಹಾಕಿ ನೋಡಿದೆವು. ಹುಡುಗನಿಗೆ ಎಲ್ಲವನ್ನೂ ಒಟ್ಟಿಗೇ ಮುಗಿಸುವ ಆತುರ. ಹಾಗೆ ಮಾಡಿದರೆ ಯಂತ್ರ ಎದ್ದೀತು, ಆದರೆ ಯಾವುದರಿಂದ ಎದ್ದಿತೆಂಬುದು ತಿಳಿಯದು ಎಂದೆ. ಮೂರನೆಯದು ರೋಮ್. ಈ ಬಾರಿ ಎರಡು ಸ್ವರ ಕೇಳಿಸಿತು. ಪರದೆಯ ಮೇಲೆ ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂಬ ಸಾಲು ಮೂಡಿತು.

ಮೂವತ್ತೈದು ವರ್ಷ ಪಾಠ ಹೇಳಿದ ಮೇಲೆ ನನಗನ್ನಿಸುವುದಿಷ್ಟು. ತರಗತಿಯಲ್ಲಿ ಉತ್ತರಿಸದೆ ನಿಂತ ಮಗುವನ್ನು ದಡ್ಡನೆಂದು ಬಗೆಯುವುದು ಸುಲಭ. ಅನೇಕ ವೇಳೆ ಅದಕ್ಕೆ ಎಲ್ಲವೂ ಗೊತ್ತಿರುತ್ತದೆ, ಆರಂಭಿಸುವ ಎಡೆ ಮಾತ್ರ ಸಿಕ್ಕಿರುವುದಿಲ್ಲ. ಮೊದಲ ಪದವನ್ನು ನಾವು ಹೇಳಿಕೊಟ್ಟರೆ ಉಳಿದುದನ್ನು ಅದೇ ಹೇಳುತ್ತದೆ.

ಕ್ಯಾಸೆಟ್ ಎರಡು ಸಲ ದೋಷವೆಂದು ನಿಂತಿತು. ಧ್ವನಿಯ ಪ್ರಮಾಣವನ್ನು ಹೊಂದಿಸಿದ ಮೇಲೆ ಮೂರನೆಯ ಸಲ ಪೂರ್ತಿ ಓದಿಕೊಂಡಿತು. “೭ × ೮ = ?” ಎಂದು ಪರದೆ ಕೇಳಿತು. ಅಂಕಿಗಳಲ್ಲಿ ೪ ಮಾತ್ರ ತುಸು ಎಡಕ್ಕೆ ವಾಲಿದೆ. ಅದನ್ನು ಚೌಕಳಿ ಹಾಳೆಯಲ್ಲಿ ಬರೆದವರು ಇದನ್ನು ಓದುತ್ತಿದ್ದರೆ ಒಮ್ಮೆ ಮನೆಗೆ ಬನ್ನಿ. ಪ್ರೋಗ್ರಾಮಿನ ಪ್ರತಿ ಸಾಲನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಆ ೪ನ್ನು ಮಾತ್ರ ತಿದ್ದಿಲ್ಲ.