ಬೇಸಿಗೆಯ ಓದು

ಯುಗಾದಿಯಿಂದ ಬಸವ ಜಯಂತಿಯವರೆಗಿನ ತಿಂಗಳು ಓದುಗನಿಗೆ ಪರೀಕ್ಷೆಯ ಕಾಲ. ಮದುವೆಯ ಕರೆಯೋಲೆ, ಜಾತ್ರೆ, ತೇರು, ರಜೆಗೆ ಬಂದ ಮಕ್ಕಳು. ಎಲ್ಲಕ್ಕೂ ಮಿಗಿಲಾಗಿ ನಡುಹಗಲಿನ ಬಿಸಿಲು. ಮಠದಲ್ಲಿ ಬೆಳೆದ ನಮಗೆ ಬೆಳಗಿನ ಜಾವದ ಓದು ಪೂಜೆಯಷ್ಟೇ ನಿಯತವಾಗಿತ್ತು. ಗುರುಗಳ ಕಟ್ಟಳೆ ಸರಳ: ಪುಟ ಕಡಿಮೆಯಾಗಲಿ, ದಿನ ತಪ್ಪದಿರಲಿ.

ಈ ಬೇಸಿಗೆಯ ಓದಿಗೆಂದು ನಾನು ಹಿಡಿದುದು ಶೂನ್ಯಸಂಪಾದನೆ. ಅಲ್ಲಮಪ್ರಭುದೇವರನ್ನು ನಡುವಿರಿಸಿ ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಈ ಕೃತಿಯನ್ನು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಮೊದಲು ಸಂಕಲಿಸಿದರು. ಬಳಿಕ ಮೂವರು ಪರಿಷ್ಕರಿಸಿದರು. ಅವರಲ್ಲಿ ಗೂಳೂರು ಸಿದ್ಧವೀರಣ್ಣೊಡೆಯರದು ನನ್ನ ಕೈಯಲ್ಲಿರುವ ಪಾಠ. ಆದರೆ ಓದಿಗೆ ಕಣ್ಣೇ ಅಡ್ಡಬಂದಿತು. ಎಡಗಣ್ಣಿಗೆ ಪೊರೆ ಬಂದಿದೆ; ಬಲಗಣ್ಣೂ ಬೇಗ ದಣಿಯುತ್ತದೆ.

ಸಂವಾದಕ್ಕೆ ಎರಡು ದನಿ ಬೇಕಷ್ಟೆ. ಮೊಮ್ಮಗಳು ಇಂಗ್ಲಿಷ್ ಮಾಧ್ಯಮದವಳು. ಒತ್ತಕ್ಷರ ಬಂದಲ್ಲಿ ತಡವರಿಸುತ್ತಾಳೆ. ಪ್ರಭುದೇವರ ವಚನಗಳು ಬಹುಪಾಲು ನನಗೆ ಕಂಠಸ್ಥ. ಅವು ನನ್ನ ಪಾಲು, ಮಿಕ್ಕವರ ಮಾತು ಅವಳ ಪಾಲು. ಬಿಸಿಲೇರುವ ಮುನ್ನ ದಿನಕ್ಕೆ ಎರಡೇ ಪುಟ. "ಅಜ್ಜಾ, ಹಂಗಂದ್ರ ಏನು?" ಎಂದು ಅವಳು ಕೇಳಿದಾಗ, ಹತ್ತಾರು ಬಾರಿ ಓದಿ ದಾಟಿದ ಸಾಲಿನ ಮುಂದೆ ನಾನೂ ನಿಂತು ಯೋಚಿಸಬೇಕಾಗುತ್ತದೆ.

ಶಸ್ತ್ರಚಿಕಿತ್ಸೆಯಿಂದ ನನ್ನ ಕಣ್ಣು ತಿಳಿಯಾದೀತು. ಶಾಲೆ ತೆರೆದ ಮೇಲೂ ಅವಳ ನಾಲಗೆಯಲ್ಲಿ ಈ ಕನ್ನಡ ಉಳಿಯಬೇಕೆಂಬುದೇ ನನ್ನ ಚಿಂತೆ. ಶರಣಬಂಧುಗಳೇ, ಹಿರಿಯರ ಕಣ್ಣು ಮಂದವಾಯಿತೆಂದು ಮನೆಯ ಗ್ರಂಥಗಳು ಕಪಾಟು ಸೇರದಿರಲಿ. ಎಳೆಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಎರಡು ಪುಟವಾದರೂ ಸಾಕು, ದಿನ ತಪ್ಪದಿರಲಿ.